ಖಡ್ಗದ ಹಿಂದೆ ನ್ಯಾಯಪೀಠ ಬಾರದಿದ್ದರೆ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ಹಾದಿಯ ನಡುವೆ ಮಸ್ಕಿ ಎಂಬ ಊರಿರುವುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಕೃಷ್ಣೆ ತುಂಗಭದ್ರೆಗಳ ನಡುವಣ ಈ ನಾಡನ್ನು ನಮ್ಮ ಹಿಂದಿನವರು ಎಡೆದೊರೆ ಎಂದರು; ಪಾರಸಿ ಬಲ್ಲವರು ದೋಆಬ ಎಂದರು. ಹೆಸರು ಯಾವುದಾದರೇನು? ಎರಡು ಹೊಳೆಗಳ ನಡುವೆ ಇರುವ ನೆಲಕ್ಕೆ ಎರಡು ರಾಜ್ಯಗಳ ನಡುವೆ ಸಿಕ್ಕಿ ನಲುಗುವುದೇ ಶತಮಾನಗಳವರೆಗೆ ಹಣೆಬರಹವಾಯಿತು.

ಇತ್ತೀಚಿನ ವರ್ಷಗಳಲ್ಲಿ ಹೇಗ್ ಪಟ್ಟಣದ ಹೆಸರು ಪತ್ರಿಕೆಗಳಲ್ಲಿ ಪದೇಪದೇ ಕಾಣಿಸಿಕೊಳ್ಳುತ್ತಿದೆ. ಅಲ್ಲಿಯ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವು ೨೦೨೩ರ ಮಾರ್ಚ್ ತಿಂಗಳಲ್ಲಿ ರಷ್ಯದ ಅಧ್ಯಕ್ಷರ ಮೇಲೆಯೂ, ೨೦೨೪ರ ನವೆಂಬರ್ ತಿಂಗಳಲ್ಲಿ ಇಸ್ರೇಲಿನ ಪ್ರಧಾನಮಂತ್ರಿಯ ಮೇಲೆಯೂ ಬಂಧನದ ಆಜ್ಞೆಗಳನ್ನು ಹೊರಡಿಸಿತು. ಇಂಥ ಸುದ್ದಿಯನ್ನು ಓದಿದ ನಮ್ಮ ಮಿತ್ರರೊಬ್ಬರು, "ಇವೆಲ್ಲ ಬಿಳಿಯರ ನಾಡಿನ ವ್ಯವಹಾರ, ನಮಗೂ ಇದಕ್ಕೂ ಏನು ಸಂಬಂಧ?" ಎಂದು ಕೇಳಿದರು. ಆ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. ಸಂಬಂಧವಿದೆ, ಅಷ್ಟೇ ಅಲ್ಲ, ಮೇಲೆ ಹೇಳಿದ ಹಾದಿಯ ಮೂರು ಊರುಗಳ ಸುತ್ತಲೇ ಈ ವಿಷಯದ ಇತಿಹಾಸವೆಲ್ಲ ಹರಡಿಕೊಂಡಿದೆ ಎಂದು ನಾವು ತೋರಿಸಬಲ್ಲೆವು.

ಪ್ರಶ್ನೆಯು ಮೂಲದಲ್ಲಿ ಸರಳವಾದುದು. ಅರಸನೇ ತನ್ನ ಪ್ರಜೆಗಳನ್ನು ಹಿಂಸಿಸುತ್ತಿರುವಾಗ ನೆರೆಯ ಅರಸನು ಖಡ್ಗ ಹಿಡಿದು ಒಳಗೆ ಬರಬಹುದೇ? ಬಂದರೆ, ಬಂದವನು ಮಾಡಿದ ಕಾರ್ಯವನ್ನು ತೂಗಿ ನೋಡುವವರು ಯಾರು? ಮೊದಲನೆಯದನ್ನು ಪಂಡಿತರು ಮಾನವೀಯ ಹಸ್ತಕ್ಷೇಪವೆಂದು ಕರೆದು ಒಂದು ಅಧ್ಯಾಯದಲ್ಲಿ ಇಡುತ್ತಾರೆ. ಎರಡನೆಯದನ್ನು ಅಂತರರಾಷ್ಟ್ರೀಯ ನ್ಯಾಯಾಲಯವೆಂದು ಕರೆದು ಮತ್ತೊಂದರಲ್ಲಿ ಇಡುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಇವು ಒಂದೇ ಪ್ರಶ್ನೆಯ ಎರಡು ಅರ್ಧಗಳು. ಮೊದಲರ್ಧವನ್ನು ನಡೆಯಿಸಿ ಎರಡನೆಯ ಅರ್ಧವನ್ನು ಮರೆತರೆ ಏನಾಗುವುದೆಂಬುದಕ್ಕೆ ಎಡೆದೊರೆ ನಾಡಿಗಿಂತ ಒಳ್ಳೆಯ ಸಾಕ್ಷಿ ಬೇರೆ ಬೇಕಿಲ್ಲ.

ಮಸ್ಕಿಯ ಬಂಡೆ

೧೯೧೫ರಲ್ಲಿ ಬಂಗಾರದ ಅದಿರನ್ನು ಅರಸುತ್ತಿದ್ದ ಬೀಡನ್ ಎಂಬ ಇಂಜಿನಿಯರನಿಗೆ ಮಸ್ಕಿಯ ಗುಡ್ಡದಲ್ಲಿ ಅಕ್ಷರಗಳುಳ್ಳ ಬಂಡೆಯೊಂದು ಕಣ್ಣಿಗೆ ಬಿದ್ದಿತು. ಅಲ್ಲಿಯವರೆಗೆ ತಿಳಿದಿದ್ದ ಧರ್ಮಲಿಪಿಗಳಲ್ಲೆಲ್ಲ ಅರಸನು ತನ್ನನ್ನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂದಷ್ಟೇ ಕರೆದುಕೊಂಡಿದ್ದನು. ಮಸ್ಕಿಯ ಬಂಡೆಯಲ್ಲಿ ಆ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೇ ಇದ್ದಿತು. ಮುಂದೆ ತುಂಗಭದ್ರೆಯ ಆಚೆಯ ನಿಟ್ಟೂರು, ಉಡೇಗೋಳಗಳಲ್ಲಿಯೂ ಅದೇ ಹೆಸರು ದೊರೆಯಿತು. ದೇವಾನಾಂಪ್ರಿಯನು ಯಾರೆಂಬ ಸಂದೇಹವನ್ನು ಲಿಪಿಯ ಆಧಾರದಿಂದಲೇ ಹರಿಯಿಸಿದ ಕೀರ್ತಿ ಮಾತ್ರ ಮಸ್ಕಿಗೆ ಸಂದಿತು.

ಈ ಅಶೋಕನು ಕಳಿಂಗ ದೇಶವನ್ನು ಗೆದ್ದ ಮೇಲೆ ತಪ್ಪನ್ನು ಒಪ್ಪಿಕೊಂಡ ಮಾತು ಮಸ್ಕಿಯಲ್ಲಿಲ್ಲ. ಅದು ಹದಿಮೂರನೆಯ ಹಿರಿಯ ಶಿಲಾಶಾಸನದಲ್ಲಿದೆ. ಒಂದು ಲಕ್ಷ ಜನರು ಹತರಾದರು, ಒಂದೂವರೆ ಲಕ್ಷ ಜನರು ಸೆರೆಯಾಗಿ ಒಯ್ಯಲ್ಪಟ್ಟರು, ಅದಕ್ಕೂ ಅನೇಕ ಪಾಲು ಜನರು ಬೇರೆ ಬಗೆಯಿಂದ ಸತ್ತರು ಎಂದು ಗೆದ್ದ ಅರಸನೇ ಎಣಿಕೆ ಕೊಟ್ಟು ಪಶ್ಚಾತ್ತಾಪಪಟ್ಟಿದ್ದಾನೆ. ಗೆದ್ದವನು ತನ್ನ ಕೈಯಿಂದಾದ ಸಾವಿನ ಲೆಕ್ಕವನ್ನು ಲೋಕದ ಮುಂದೆ ಇಟ್ಟ ಇಂಥ ಉದಾಹರಣೆ ಪ್ರಾಚೀನ ಜಗತ್ತಿನಲ್ಲಿ ವಿರಳ.

ಆದರೆ ಇಲ್ಲೊಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಕಳಿಂಗದಲ್ಲಿಯೇ ಇರುವ ಧೌಲಿ, ಜೌಗಡಗಳ ಬಂಡೆಗಳ ಮೇಲೆ ಆ ಹದಿಮೂರನೆಯ ಶಾಸನವನ್ನು ಕೆತ್ತಿಸಿಲ್ಲ. ಪೆಟ್ಟು ತಿಂದವರ ಎದುರಿಗೆ ಪಶ್ಚಾತ್ತಾಪದ ಮಾತು ಬರಲಿಲ್ಲ. ಅದರ ಬದಲಾಗಿ ಅಲ್ಲಿಯ ಅಧಿಕಾರಿಗಳಿಗೆಂದು ಎರಡು ಪ್ರತ್ಯೇಕ ಶಾಸನಗಳಿವೆ: ಕಾರಣವಿಲ್ಲದೆ ಯಾರನ್ನೂ ಬಂಧಿಸಬಾರದು, ಪೀಡಿಸಬಾರದು, ನ್ಯಾಯವಿತರಣೆಯಲ್ಲಿ ಕೋಪ, ಆತುರ, ಆಲಸ್ಯಗಳಿರಬಾರದು ಎಂಬುದು ಅವುಗಳ ಸಾರ. ಇವೇ ಪ್ರತ್ಯೇಕ ಶಾಸನಗಳು ನಮ್ಮ ಕಲಬುರ್ಗಿ ಜಿಲ್ಲೆಯಲ್ಲಿ, ಭೀಮೆಯ ದಂಡೆಯ ಸನ್ನತಿಯಲ್ಲಿ, ವಿಗ್ರಹದ ಪೀಠವಾಗಿ ಬಳಕೆಯಾಗಿದ್ದ ಶಿಲೆಯ ಮೇಲೆ ೧೯೮೦ರ ದಶಕದಲ್ಲಿ ಬೆಳಕಿಗೆ ಬಂದವು. ಅರಸನಿಗೆ ಮನಸ್ಸಾಕ್ಷಿ ಇದ್ದಿತು, ಅಧಿಕಾರಿಗಳಿಗೆ ನಿಯಮವಿದ್ದಿತು. ಕಳಿಂಗದ ವಿಧವೆಗೆ ಮಾತ್ರ ಅರಸನ ಮೇಲೆ ದೂರು ಕೊಡಲು ಸ್ಥಳವಿರಲಿಲ್ಲ. ಗೆದ್ದ ನಾಡನ್ನು ಅಶೋಕನು ಹಿಂದಿರುಗಿಸಿದಂತೆಯೂ ತಿಳಿದುಬರುವುದಿಲ್ಲ.

ಮುದಗಲ್ಲಿನ ರಕ್ತ, ಇಬ್ಬರು ಅರಸರ ಮಾತು

ಮಸ್ಕಿಯಿಂದ ಲಿಂಗಸುಗೂರು ತಾಲೂಕಿನ ಮುದಗಲ್ಲು ಕೋಟೆ ಬಹುದೂರವಿಲ್ಲ. ಅಶೋಕನಿಂದ ಹದಿನಾರು ಶತಮಾನಗಳು ಕಳೆದ ಮೇಲೆ, ೧೩೬೬ರಲ್ಲಿ, ವಿಜಯನಗರದ ಬುಕ್ಕರಾಯನ ಸೈನ್ಯವು ಈ ಕೋಟೆಯನ್ನು ಹಿಡಿದು ಒಳಗಿದ್ದವರನ್ನು, ಹೆಂಗಸರು ಮಕ್ಕಳೆನ್ನದೆ, ಕೊಂದಿತೆಂದು ಫಿರಿಸ್ತಾ ಎಂಬ ಇತಿಹಾಸಕಾರನು ಬರೆದಿದ್ದಾನೆ. ಬಹಮನಿ ಸುಲ್ತಾನ ಒಂದನೆಯ ಮಹಮ್ಮದ ಶಹನು ಲಕ್ಷ ಜನರ ತಲೆ ಬೀಳುವವರೆಗೆ ಖಡ್ಗವನ್ನು ಒರೆಗೆ ಸೇರಿಸೆನೆಂದು ಆಣೆಯಿಟ್ಟು ಹೊರಟನು. ಮುದಗಲ್ಲಿನಲ್ಲಿ ಆದುದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಹತ್ಯೆ ಹೊಳೆಯ ಆಚೆ ನಡೆಯಿತು. ಎರಡೂ ಕಡೆ ಸತ್ತವರು ಬಹುಮಟ್ಟಿಗೆ ಯುದ್ಧವನ್ನು ಬಯಸದ ಜನರು.

ಕೊನೆಗೆ ವಿಜಯನಗರದ ದೂತರು ಸುಲ್ತಾನನ ಮುಂದೆ ನಿಂತು ಬಿನ್ನವಿಸಿಕೊಂಡರಂತೆ: ಅರಸರ ತಪ್ಪಿಗೆ ಅಸಹಾಯಕ ಪ್ರಜೆಗಳು ದಂಡ ತೆರುವುದು ಧರ್ಮವಲ್ಲ, ಎರಡು ಮನೆತನಗಳೂ ಬಹುಕಾಲ ನೆರೆಹೊರೆಯಾಗಿ ಬಾಳಬೇಕಾದುದರಿಂದ, ಯುದ್ಧದಲ್ಲಿ ಬಡಜನರನ್ನು ಹಿಂಸಿಸುವುದಿಲ್ಲವೆಂದು ಒಪ್ಪಂದವಾಗುವುದು ಒಳಿತು. ಸುಲ್ತಾನನು ಒಪ್ಪಿದನು. ಇನ್ನು ಮುಂದೆ ಗೆಲವಾದ ಮೇಲೆ ಶತ್ರುವನ್ನು ಕೊಲ್ಲೆನೆಂದೂ, ತನ್ನ ಸಂತತಿಯವರೂ ಹಾಗೆಯೇ ನಡೆಯತಕ್ಕದ್ದೆಂದೂ ಮಾತು ಕೊಟ್ಟನು. ಫಿರಿಸ್ತಾನು ಇದನ್ನು ಬರೆದುದು ಎರಡು ಶತಮಾನಗಳಿಗೂ ಮಿಕ್ಕಿ ತಡವಾಗಿ, ಬಿಜಾಪುರದ ಆಸ್ಥಾನದಲ್ಲಿ. ಅವನ ಸಂಖ್ಯೆಗಳಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ನಿರಾಯುಧರನ್ನು ಕೊಲ್ಲಬಾರದೆಂಬ ಒಪ್ಪಂದವು ಧರ್ಮ ಬೇರೆಯಾದ ಎರಡು ರಾಜ್ಯಗಳ ನಡುವೆ ಆಯಿತೆಂಬ ನೆನಪು ಅವನ ಕಾಲದವರೆಗೂ ದಕ್ಷಿಣದಲ್ಲಿ ಉಳಿದಿದ್ದಿತೆಂಬುದು ಮುಖ್ಯ. ಯುದ್ಧದಲ್ಲಿ ಗಾಯಗೊಂಡವರ ರಕ್ಷಣೆಗೆಂದು ಜಿನೀವಾದಲ್ಲಿ ಮೊದಲ ಕರಾರಾದುದು ೧೮೬೪ರಲ್ಲಿ.

ಹಾಗೆಂದು ನಾವು ಹೆಮ್ಮೆಯಿಂದ ಕಣ್ಣು ಮುಚ್ಚಿಕೊಳ್ಳತಕ್ಕುದಲ್ಲ. ಸುಮಾರು ಅರುವತ್ತು ವರ್ಷಗಳೊಳಗೆ ಅಹಮದ ಶಹನು ವಿಜಯನಗರದ ಸೀಮೆಯಲ್ಲಿ ಮತ್ತೆ ನಿರಾಯುಧರ ಹತ್ಯೆ ನಡೆಯಿಸಿದನು. ಅವನು ಪೂರ್ವದ ಒಪ್ಪಂದವನ್ನು ಮುರಿದನೆಂದು ಫಿರಿಸ್ತಾನೇ ಸ್ಪಷ್ಟವಾಗಿ ಹೇಳುತ್ತಾನೆ. ಒಪ್ಪಂದವಿದ್ದಿತು, ಆಣೆಯಿದ್ದಿತು. ಮುರಿದವನನ್ನು ಕರೆದು ಕೇಳುವವರು ಇರಲಿಲ್ಲ.

ಪಶ್ಚಿಮದ ದಯೆ, ಲಿಂಗಸುಗೂರಿನ ದಂಡು

ಇನ್ನು ಯೂರೋಪಿನ ಕಡೆಗೆ ನೋಡೋಣ. ೧೬೨೫ರಲ್ಲಿ ಡಚ್ಚ ಪಂಡಿತ ಗ್ರೋಷಿಯಸನು, ಅರಸನು ತನ್ನ ಪ್ರಜೆಗಳ ಮೇಲೆ ಅಸಹ್ಯವಾದ ಕ್ರೌರ್ಯ ನಡೆಯಿಸಿದರೆ ಹೊರಗಿನವರು ಅವರ ಪರವಾಗಿ ಶಸ್ತ್ರ ಹಿಡಿಯಬಹುದೆಂದು ಬರೆದನು. ಆಸೆಬುರುಕರು ಇದನ್ನು ನೆವ ಮಾಡಿಕೊಳ್ಳುವರೆಂಬ ಭಯವೂ ಅವನಿಗಿದ್ದಿತು. ಎರಡು ಶತಮಾನಗಳ ಬಳಿಕ ಮಾತು ಕೃತಿಗಿಳಿಯಿತು. ೧೮೨೭ರಲ್ಲಿ ನವರೀನೋ ಕೊಲ್ಲಿಯಲ್ಲಿ ಬ್ರಿಟನ್, ಫ್ರಾನ್ಸ್, ರಷ್ಯಗಳ ಹಡಗುಗಳು ಗ್ರೀಕರ ಪರವಾಗಿ ತುರ್ಕಿಯ ನೌಕಾಬಲವನ್ನು ಮುರಿದವು. ೧೮೬೦ರಲ್ಲಿ ಲೆಬನಾನಿನ ಕ್ರೈಸ್ತರ ಹತ್ಯೆಯ ಸುದ್ದಿ ಕೇಳಿ, ಐದು ಶಕ್ತಿಗಳ ಒಪ್ಪಿಗೆಯಿಂದ ಫ್ರಾನ್ಸಿನ ದಂಡು ಹೋಯಿತು. ಆ ದಂಡಿಗೆ ಅವಧಿ ಗೊತ್ತುಪಡಿಸಲಾಗಿದ್ದಿತು. ಬೇರೂತಿನಲ್ಲಿ ಹಲವು ರಾಷ್ಟ್ರಗಳ ವಿಚಾರಣಾ ಮಂಡಲಿಯೂ ಕುಳಿತಿತು. ೧೮೬೧ರಲ್ಲಿ ದಂಡು ಹಿಂದಿರುಗಿತು.

ನ್ಯಾಯಪೀಠಗಳೂ ಇದೇ ಕಾಲದಲ್ಲಿ ಚಿಗುರಿದವು. ಗುಲಾಮರ ಹಡಗುಗಳನ್ನು ಹಿಡಿದು ವಿಚಾರಿಸಲು ೧೮೧೯ರಲ್ಲಿ ಆಫ್ರಿಕದ ಫ್ರೀಟೌನಿನಲ್ಲಿಯೂ, ಅಟ್ಲಾಂಟಿಕದ ಬೇರೆ ರೇವುಗಳಲ್ಲಿಯೂ ಎರಡೆರಡು ರಾಷ್ಟ್ರಗಳ ನ್ಯಾಯಾಧೀಶರು ಕೂಡಿ ಕುಳಿತುಕೊಳ್ಳುವ ಮಿಶ್ರ ನ್ಯಾಯಾಲಯಗಳು ಏರ್ಪಟ್ಟವು; ಅವುಗಳ ತೀರ್ಪಿನಿಂದ ಬಿಡುಗಡೆಯಾದವರು ಸುಮಾರು ೮೦ ಸಾವಿರ ಜನರು. ೧೮೭೨ರಲ್ಲಿ ಜಿನೀವಾದ ಪಂಚಾಯಿತಿಯು ಅಲಬಾಮಾ ಹಡಗಿನ ವ್ಯಾಜ್ಯದಲ್ಲಿ ಬ್ರಿಟನ್ನಿನಿಂದ ಅಮೆರಿಕಕ್ಕೆ ಒಂದೂವರೆ ಕೋಟಿ ಡಾಲರಿಗೂ ಮಿಕ್ಕಿ ಪರಿಹಾರ ಕೊಡಿಸಿತು. ೧೮೯೯ರಲ್ಲಿ ಹೇಗ್ ಪಟ್ಟಣದಲ್ಲಿ ಕೂಡಿದ ಸಮ್ಮೇಳನವು ಪಂಚಾಯಿತಿಗೆ ಶಾಶ್ವತ ಸ್ಥಾನವೊಂದನ್ನು ಕಲ್ಪಿಸಿತು. ಅಲ್ಲಿ ಚೀನ, ಜಪಾನ, ಸಯಾಮ, ಪರ್ಷಿಯಾಗಳಿಗೆ ಆಸನವಿದ್ದಿತು. ಭಾರತಕ್ಕೆ ಇರಲಿಲ್ಲ.

ಏಕೆ ಇರಲಿಲ್ಲವೆಂಬುದನ್ನು ತಿಳಿಯಲು ನಮ್ಮ ಸೀಮೆಗೇ ಹಿಂದಿರುಗಬೇಕು. ಪ್ರಜೆಗಳ ಹಿತಕ್ಕಾಗಿ ಒಳಗೆ ಬರುವ ಕಲೆಯನ್ನು ಇಂಗ್ಲಿಷರು ಕನ್ನಡ ನಾಡಿನಲ್ಲಿ ಚೆನ್ನಾಗಿ ಅಭ್ಯಾಸ ಮಾಡಿದರು. ನಗರದ ರೈತರ ದಂಗೆಯನ್ನು ಕಾರಣವಾಗಿ ತೋರಿಸಿ ೧೮೩೧ರಲ್ಲಿ ಲಾರ್ಡ್ ಬೆಂಟಿಂಕನು ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಕಿತ್ತುಕೊಂಡನು. ವಿಚಾರಣೆಗೆ ಸಮಿತಿ ನೇಮಕವಾದುದು ಆಮೇಲೆ. ೧೮೩೩ರಲ್ಲಿ ಆ ಸಮಿತಿಯು, ದೊರೆಯ ಮೇಲಿನ ಆರೋಪಗಳು ಮೊದಲು ನಂಬಿದ್ದಷ್ಟು ಘೋರವಾಗಿರಲಿಲ್ಲವೆಂಬ ಅರ್ಥದ ವರದಿ ಕೊಟ್ಟಿತು, ಬೆಂಟಿಂಕನೂ ಮರುಗಿದನು. ಆದರೂ ರಾಜ್ಯವು ಅರಸುಮನೆತನಕ್ಕೆ ಮರಳಿದುದು ೧೮೮೧ರಲ್ಲಿ, ಮುಮ್ಮಡಿಯವರು ತೀರಿಕೊಂಡು ಹದಿಮೂರು ವರ್ಷಗಳಾದ ಮೇಲೆ. ಶಿಕ್ಷೆ ಮೊದಲು, ವಿಚಾರಣೆ ಅನಂತರ, ಪರಿಹಾರ ಅರ್ಧ ಶತಮಾನದ ತರುವಾಯ!

೧೮೩೪ರಲ್ಲಿ ಕೊಡಗು ಕಂಪನಿಯ ವಶವಾಯಿತು. ಅದೂ ಜನರ ಇಚ್ಛೆಯಂತೆ ಎಂಬ ಘೋಷಣೆಯೊಡನೆ. ಚಿಕ್ಕವೀರರಾಜೇಂದ್ರನು ಕ್ರೂರಿಯಾಗಿದ್ದನೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪದಚ್ಯುತನಾದ ಆ ರಾಜನು ೧೮೫೨ರಲ್ಲಿ ಲಂಡನ್ನಿಗೆ ಹೋಗಿ, ತನ್ನಿಂದ ಕಿತ್ತುಕೊಂಡ ಸಾಲಪತ್ರಗಳಿಗಾಗಿ ಕಂಪನಿಯ ಮೇಲೆ ಅದರ ದೇಶದ ನ್ಯಾಯಾಲಯದಲ್ಲಿಯೇ ದಾವೆ ಹೂಡಿದನು. ಅವನು ೧೮೫೯ರಲ್ಲಿ ಸತ್ತನು. ೧೮೬೦ರಲ್ಲಿ ದಾವೆ ವಜಾ ಆಯಿತು. ಕಂಪನಿಯು ಸಾರ್ವಭೌಮ ಶಕ್ತಿಯಾಗಿ ಮಾಡಿದ ಕೃತ್ಯವನ್ನು ವಿಚಾರಿಸುವ ಅಧಿಕಾರ ತನಗಿಲ್ಲವೆಂದು ನ್ಯಾಯಾಲಯ ಹೇಳಿತು. ಲೆಬನಾನಿಗೆ ದಯೆಯ ದಂಡು ಹೋದುದೂ ಅದೇ ೧೮೬೦ರಲ್ಲಿ ಎಂಬುದನ್ನು ವಾಚಕರು ನೆನಪಿಡಲಿ.

ಎಡೆದೊರೆಯ ಕಥೆಯೂ ಭಿನ್ನವಲ್ಲ. ನಿಜಾಮನ ಹಣದಿಂದ ಬ್ರಿಟಿಷ್ ಅಧಿಕಾರಿಗಳು ನಡೆಯಿಸುತ್ತಿದ್ದ ಹೈದರಾಬಾದ್ ಕಂಟಿಂಜೆಂಟ್ ಎಂಬ ದಂಡಿನ ವೆಚ್ಚಕ್ಕಾಗಿ ೧೮೫೩ರಲ್ಲಿ ವರ್ಹಾಡ ಪ್ರಾಂತದೊಡನೆ ರಾಯಚೂರು ದೋಆಬವನ್ನೂ ಕಂಪನಿಗೆ ಒಪ್ಪಿಸಿಕೊಡಬೇಕಾಯಿತು. ೧೮೬೦ರಲ್ಲಿ ದೋಆಬ ಹಿಂದಕ್ಕೆ ಬಂದಿತು, ವರ್ಹಾಡ ಬರಲಿಲ್ಲ. ಆ ದಂಡಿನ ಠಾಣ್ಯಗಳಲ್ಲಿ ಲಿಂಗಸುಗೂರೂ ಒಂದು. ೧೯೦೫ರವರೆಗೆ ಜಿಲ್ಲೆಯ ಕೇಂದ್ರವಾಗಿದ್ದ ಈ ಊರಿನ ಹಿರಿಯರು ದಂಡಿನ ದಿನಗಳ ಕಥೆಗಳನ್ನು ಬಹುಕಾಲ ಹೇಳಿಕೊಂಡು ಬಂದರು. ೧೯೨೫ರಲ್ಲಿ ನಿಜಾಮನು ವರ್ಹಾಡದ ಪ್ರಶ್ನೆಯನ್ನು ನಿಷ್ಪಕ್ಷಪಾತವಾದ ಆಯೋಗವೊಂದರ ಮುಂದೆ ಇಡಬೇಕೆಂದು ಕೇಳಿದನು. ೧೯೨೬ರ ಮಾರ್ಚ್ ೨೭ರಂದು ವೈಸರಾಯ್ ಲಾರ್ಡ್ ರೆಡಿಂಗ್ ಕೊಟ್ಟ ಉತ್ತರವು ಪ್ರಸಿದ್ಧವಾಗಿದೆ: ಭಾರತದಲ್ಲಿ ಬ್ರಿಟಿಷ್ ಸಿಂಹಾಸನವೇ ಪರಮೋಚ್ಚ, ಯಾವ ಸಂಸ್ಥಾನದ ಅರಸನೂ ಅದರೊಡನೆ ಸರಿಸಮನಾಗಿ ಮಾತಾಡಲಾರನು, ಅವಶ್ಯಬಿದ್ದಾಗ ಸಂಸ್ಥಾನದೊಳಗೆ ಕೈ ಹಾಕುವ ಹಕ್ಕು ಅದಕ್ಕುಂಟು. ಕೈ ಹಾಕುವ ಹಕ್ಕು ತನ್ನದು, ತೂಗಿ ನೋಡುವ ಹಕ್ಕು ಯಾರದೂ ಅಲ್ಲ ಎಂಬುದೇ ಇದರ ಸಾರ.

ತುಂಗಭದ್ರೆಯ ದಂಡೆ, ಪ್ಯಾರಿಸಿನ ಅರಮನೆ

ಆ ಸಿಂಹಾಸನ ೧೯೪೭ರಲ್ಲಿ ಹೊರಟುಹೋಯಿತು. ನಿಜಾಮನು ತಾನೇ ಸ್ವತಂತ್ರನೆಂದನು. ೧೯೪೭ರ ನವೆಂಬರ್ ೨೯ರಂದು ಭಾರತದೊಡನೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ವಿವಾದ ಹುಟ್ಟಿದರೆ ಪಂಚರ ಮುಂದೆ ಇಡತಕ್ಕದ್ದೆಂಬ ಕಲಮು ಆ ಒಪ್ಪಂದದಲ್ಲಿಯೇ ಇದ್ದಿತು. ಅದು ಕೊನೆಯವರೆಗೂ ಕಾಗದದ ಮೇಲೆಯೇ ಉಳಿಯಿತು. ಇತ್ತ ಕಾಸಿಂ ರಜವಿಯ ರಜಾಕಾರರು ಹಳ್ಳಿಗಳನ್ನು ಸುಲಿದರು, ಸುಟ್ಟರು. ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ೧೯೪೮ರ ಮೇ ತಿಂಗಳಲ್ಲಿ ನಡೆದ ಹತ್ಯೆಯನ್ನು ಆ ಸೀಮೆಯ ಜನರು ಇಂದಿಗೂ ಮರೆತಿಲ್ಲ. ರಜಾಕಾರರನ್ನು ಖಂಡಿಸಿ ಬರೆದ ಮುಸಲ್ಮಾನ ಪತ್ರಕರ್ತ ಶೋಯಬುಲ್ಲಾ ಖಾನರನ್ನು ಆಗಸ್ಟ್ ತಿಂಗಳಲ್ಲಿ ಹೈದರಾಬಾದಿನ ಬೀದಿಯಲ್ಲಿ ಕೊಂದರು. ರಾಯಚೂರು ಜಿಲ್ಲೆಯ ಜನರು ಗಡಿ ದಾಟಿ ಹೋದರು. ಸಿಂಧನೂರಿನ ಕಡೆಯವರಿಗೆ ತುಂಗಭದ್ರೆಯ ಆಚೆಯ ದಂಡೆಯೇ ಸ್ವತಂತ್ರ ಭಾರತವಾಗಿದ್ದಿತು. ಮುಂಡರಗಿ, ಗಜೇಂದ್ರಗಡಗಳ ಶಿಬಿರಗಳಲ್ಲಿ ತರುಣರು ಪ್ರತಿಭಟನೆಗೆ ಸಿದ್ಧರಾದರು. ಅಳವಂಡಿ ಶಿವಮೂರ್ತಿ ಸ್ವಾಮಿ, ಪುಂಡಲೀಕಪ್ಪ ಜ್ಞಾನಮೋಠೆ ಮೊದಲಾದವರ ಹೆಸರುಗಳನ್ನು ಈ ನಾಡು ಕೃತಜ್ಞತೆಯಿಂದ ನೆನೆಯುತ್ತದೆ.

೧೯೪೮ರ ಆಗಸ್ಟ್ ೨೧ರಂದು ನಿಜಾಮನ ಸರ್ಕಾರವು ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಿತು. ಸೆಪ್ಟೆಂಬರ್ ೧೩ರಂದು ಭಾರತದ ಸೇನೆ ಒಳಗೆ ಹೊಕ್ಕಿತು. ೧೬ರಂದು ಪ್ಯಾರಿಸಿನ ಶಾಯೋ ಅರಮನೆಯಲ್ಲಿ ಮಂಡಳಿ ಕೂಡಿತು. ದೂರನ್ನು ವಿಚಾರಕ್ಕೆ ತೆಗೆದುಕೊಳ್ಳಲು ಎಂಟು ರಾಷ್ಟ್ರಗಳು ಒಪ್ಪಿದವು, ಮೂರು ತಟಸ್ಥವಾದವು. ನಿಜಾಮನ ಪರವಾಗಿ ಮೊಯಿನ್ ನವಾಜ್ ಜಂಗ್ ಮಾತಾಡಿದರು. ಭಾರತದ ಪರವಾಗಿ ಮಾತಾಡಿದವರು ಆಗ ಮೈಸೂರಿನ ದಿವಾನರಾಗಿದ್ದ ಸರ್ ರಾಮಸ್ವಾಮಿ ಮುದಲಿಯಾರರು. ಹೈದರಾಬಾದು ರಾಷ್ಟ್ರವೇ ಅಲ್ಲ, ಇದು ಭಾರತದ ಒಳಗಿನ ವಿಷಯ, ಶಾಂತಿಯನ್ನು ನೆಲೆಗೊಳಿಸಲು ನಾವು ಹೋಗಬೇಕಾಯಿತು ಎಂಬುದು ಅವರ ವಾದದ ತಿರುಳು. ಮರುದಿನವೇ ನಿಜಾಮನು ಶರಣಾದನು. ೨೨ರಂದು ತಂತಿ ಕಳುಹಿಸಿ ದೂರನ್ನು ಹಿಂದೆಗೆದುಕೊಂಡನು. ೧೯೪೯ರ ಮೇ ತಿಂಗಳಲ್ಲಿ ಪಾಕಿಸ್ತಾನವು ಮತ್ತೆ ಮಾತೆತ್ತಿತು. ಮಂಡಳಿಯು ಯಾವ ತೀರ್ಮಾನವನ್ನೂ ಕೊಡಲಿಲ್ಲ.

ನಾವು ಇಲ್ಲಿ ಸ್ಪಷ್ಟವಾಗಿರಬೇಕು. ಆ ಸೆಪ್ಟೆಂಬರಿನಲ್ಲಿ ಸೇನೆ ಬಾರದಿದ್ದರೆ ಕಲಬುರ್ಗಿ, ಬೀದರ, ರಾಯಚೂರುಗಳ ಜನರ ಗತಿ ಏನಾಗುತ್ತಿದ್ದಿತೆಂದು ಊಹಿಸಲು ಭಯವಾಗುತ್ತದೆ. ಆ ಬಿಡುಗಡೆ ನ್ಯಾಯವಾದದ್ದೇ. ಆದರೆ ಬಿಡುಗಡೆಯ ಹಿಂದೆಯೇ ಇನ್ನೊಂದು ದುಃಖವೂ ಬಂದಿತು. ಸೇನೆ ಬಂದ ಬಳಿಕ ಅನೇಕ ಕಡೆ ಮುಸಲ್ಮಾನ ಪ್ರಜೆಗಳ ಮೇಲೆ, ರಜಾಕಾರರಲ್ಲದವರ ಮೇಲೂ, ಸೇಡು ತೀರಿಸಿಕೊಳ್ಳಲಾಯಿತು. ಪ್ರಧಾನಿ ನೆಹರೂ ಅವರು ಪಂಡಿತ ಸುಂದರಲಾಲ, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಇವರನ್ನು ಕಳುಹಿಸಿದರು. ಅವರು ನವೆಂಬರ್ ೨೯ರಿಂದ ಡಿಸೆಂಬರ್ ೨೧ರವರೆಗೆ ಸಂಸ್ಥಾನದಲ್ಲಿ ಸಂಚರಿಸಿ, ಸತ್ತವರು ೨೭ ಸಾವಿರದಿಂದ ೪೦ ಸಾವಿರದವರೆಗೆ ಇರಬಹುದೆಂದು ಅಂದಾಜು ಮಾಡಿದರು. ಅತ್ಯಂತ ನೊಂದ ಜಿಲ್ಲೆಗಳಲ್ಲಿ ಕಲಬುರ್ಗಿ, ಬೀದರಗಳನ್ನೂ ಹೆಸರಿಸಿದರು. ಆ ಸಂಖ್ಯೆಯ ಬಗ್ಗೆ ವಾದವಿರಬಹುದು. ಹತ್ಯೆಯಾಯಿತೆಂಬುದರ ಬಗ್ಗೆ ವಾದವಿಲ್ಲ. ಹಿಂದೂ ನೇಕಾರರು ತಮ್ಮ ಮುಸಲ್ಮಾನ ನೇಕಾರ ಬಂಧುಗಳನ್ನು ಪ್ರಾಣದ ಹಂಗು ತೊರೆದು ಕಾಪಾಡಿದ ಸಂಗತಿಯೂ ಅದೇ ವರದಿಯಲ್ಲಿದೆ. ಆ ಮಾನಧನರ ಕಥೆಯೂ ವರದಿಯೊಡನೆಯೇ ಕಪಾಟಿನಲ್ಲಿ ಮುಚ್ಚಿಹೋಯಿತು. ದೆಹಲಿಯ ಗ್ರಂಥಾಲಯವೊಂದರಲ್ಲಿ ಅದು ಸಾರ್ವಜನಿಕರಿಗೆ ಓದಲು ಸಿಗುವಂತಾದುದು ೨೦೧೩ರ ಹೊತ್ತಿಗೆ.

ಆ ಮೂವರು ನಮ್ಮ ಹಳ್ಳಿಗಳಲ್ಲಿ ಸಂಚರಿಸುತ್ತಿದ್ದಾಗಲೇ, ೧೯೪೮ರ ಡಿಸೆಂಬರ್ ೯ರಂದು, ಹೈದರಾಬಾದಿನ ದೂರನ್ನು ಕೇಳಿದ ಅದೇ 'ಶಾಯೋ' ಅರಮನೆಯಲ್ಲಿ, ಜನಾಂಗಹತ್ಯೆಯನ್ನು ತಡೆಯುವ ಮತ್ತು ದಂಡಿಸುವ ಕರಾರನ್ನು ವಿಶ್ವಸಂಸ್ಥೆಯು ಅಂಗೀಕರಿಸಿತು. ಮರುದಿನ ಮಾನವಹಕ್ಕುಗಳ ಘೋಷಣೆಯಾಯಿತು. ಪ್ಯಾರಿಸಿನ ಕಾಗದಕ್ಕೂ ಬೀದರದ ಬಾವಿಕಟ್ಟೆಗೂ ನಡುವೆ ಹಾದಿಯಿರಲಿಲ್ಲ.

ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ಅದೇ ಸೆಪ್ಟೆಂಬರಿನಲ್ಲಿ ಮೊಯಿನ್ ನವಾಜ್ ಜಂಗರು ಲಂಡನ್ನಿನ ಬ್ಯಾಂಕಿನಲ್ಲಿದ್ದ ನಿಜಾಮನ ಸುಮಾರು ೧೦ ಲಕ್ಷ ಪೌಂಡುಗಳನ್ನು ಪಾಕಿಸ್ತಾನದ ಹೈಕಮಿಷನರರ ಹೆಸರಿಗೆ ವರ್ಗಾಯಿಸಿದರು. ನಿಜಾಮನು ಅದಕ್ಕಾಗಿ ದಾವೆ ಹೂಡಿದನು. ೧೯೫೭ರಲ್ಲಿ ಬ್ರಿಟನ್ನಿನ ಪ್ರಭುಸಭೆಯು, ಸಾರ್ವಭೌಮ ರಾಷ್ಟ್ರವಾದ ಪಾಕಿಸ್ತಾನವನ್ನು ವಿಚಾರಣೆಗೆ ಎಳೆಯಲಾಗದೆಂದು ಬಾಗಿಲು ಮುಚ್ಚಿತು. ಕೊಡಗಿನ ರಾಜನು ಕೇಳಿದ ಉತ್ತರದ ಛಾಯೆಯೇ ಅದು. ಮುಂದೆ ಪಾಕಿಸ್ತಾನವೇ ಆ ಹಣಕ್ಕಾಗಿ ನ್ಯಾಯಾಲಯಕ್ಕೆ ಬಂದುದರಿಂದ ಬಾಗಿಲು ಮತ್ತೆ ತೆರೆಯಿತು. ೨೦೧೯ರ ಅಕ್ಟೋಬರ್ ೨ರಂದು, ಬಡ್ಡಿ ಬೆಳೆದು ಮೂರೂವರೆ ಕೋಟಿ ಪೌಂಡಾಗಿದ್ದ ಆ ಹಣವು ಭಾರತಕ್ಕೂ ನಿಜಾಮನ ವಂಶಸ್ಥರಿಗೂ ಸಲ್ಲತಕ್ಕದ್ದೆಂದು ತೀರ್ಪಾಯಿತು. ಹಣದ ಗಂಟಿಗೆ ಎಪ್ಪತ್ತೊಂದು ವರ್ಷಗಳಾದರೂ ನ್ಯಾಯಾಧೀಶರು ದೊರೆತರು. ಗೋರಟಾದ ಸತ್ತವರಿಗಾಗಲಿ, ಸೆಪ್ಟೆಂಬರ್ ಕಳೆದ ಮೇಲೆ ಸತ್ತವರಿಗಾಗಲಿ ಪೂರ್ಣ ಲೆಕ್ಕ ತೆಗೆದ ನ್ಯಾಯಪೀಠ ದೊರೆಯಲಿಲ್ಲ. ರಜವಿಯು ದರೋಡೆ ಪ್ರಕರಣದಲ್ಲಿ ಶಿಕ್ಷೆ ಅನುಭವಿಸಿ ೧೯೫೭ರಲ್ಲಿ ಬಿಡುಗಡೆ ಹೊಂದಿ ಪಾಕಿಸ್ತಾನಕ್ಕೆ ಹೋದನು.

ಸಿಂಧನೂರಿನ ಶಿಬಿರಗಳು

ಸಿಂಧನೂರಿನ ಸುತ್ತ ಪುನರ್ವಸತಿ ಶಿಬಿರಗಳೆಂದು ಅಂಕೆಗಳಿಂದಲೇ ಕರೆಯಲ್ಪಡುವ ಊರುಗಳಿವೆ. ಪೂರ್ವ ಬಂಗಾಳದಿಂದ ಮನೆಮಾರು ಬಿಟ್ಟು ಬಂದ ಕುಟುಂಬಗಳಿಗೆ ಸರ್ಕಾರವು ಅಲ್ಲಿ ನೆಲೆ ಕೊಟ್ಟಿತು. ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಕನ್ನಡ ಆಡುತ್ತ ಆ ಜನರ ಮಕ್ಕಳು ಮೊಮ್ಮಕ್ಕಳು ಈ ನೆಲದವರೇ ಆಗಿದ್ದಾರೆ. ಅವರಲ್ಲಿ ಕೆಲವರಿಗೆ ಪೌರತ್ವದ ಪತ್ರ ಕೈಸೇರಿದುದು ೨೦೨೪ರಲ್ಲಿ.

ಆ ಜನರು ಬಿಟ್ಟುಬಂದ ನಾಡಿನಲ್ಲಿ ೧೯೭೧ರ ಮಾರ್ಚ್ ೨೫ರಿಂದ ಪಾಕಿಸ್ತಾನದ ಸೇನೆ ನಡೆಯಿಸಿದ ಹತ್ಯಾಕಾಂಡದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. ಡಿಸೆಂಬರಿನಲ್ಲಿ ಯುದ್ಧವಾಯಿತು. ಡಿಸೆಂಬರ್ ೭ರಂದು ವಿಶ್ವಸಂಸ್ಥೆಯ ಮಹಾಸಭೆಯು ಯುದ್ಧವನ್ನು ನಿಲ್ಲಿಸಬೇಕೆಂದು ೧೦೪ ಮತಗಳಿಂದ ಹೇಳಿತು. ವಿರುದ್ಧವಾಗಿ ಬಂದುವು ೧೧ ಮಾತ್ರ. ೧೬ರಂದು ಢಾಕಾ ಶರಣಾಯಿತು. ಮಾನವೀಯ ಹಸ್ತಕ್ಷೇಪಕ್ಕೆ ಇಪ್ಪತ್ತನೆಯ ಶತಮಾನದ ಅತ್ಯುತ್ತಮ ನಿದರ್ಶನ ಇದೆಂದು ಅನೇಕ ಪಂಡಿತರು ಇಂದು ಒಪ್ಪುತ್ತಾರೆ. ನಮ್ಮ ಸೇನೆ ಮೂರು ತಿಂಗಳಲ್ಲಿ ಹಿಂದಿರುಗಿತು, ನೆಲವನ್ನು ಇಟ್ಟುಕೊಳ್ಳಲಿಲ್ಲ.

ಎರಡನೆಯ ಅರ್ಧ ಏನಾಯಿತು? ಸೆರೆಸಿಕ್ಕ ಸುಮಾರು ೯೩ ಸಾವಿರ ಮಂದಿಯಲ್ಲಿ ೧೯೫ ಜನರನ್ನು ಘೋರ ಅಪರಾಧಗಳಿಗಾಗಿ ವಿಚಾರಿಸಬೇಕೆಂದು ಬಾಂಗ್ಲಾದೇಶ ಗೊತ್ತುಮಾಡಿತು. ೧೯೭೩ರ ಮೇ ತಿಂಗಳಲ್ಲಿ ಪಾಕಿಸ್ತಾನವು, ಜನಾಂಗಹತ್ಯೆಯ ಕರಾರನ್ನೇ ಮುಂದಿಟ್ಟು, ಅವರನ್ನು ಬಾಂಗ್ಲಾದೇಶಕ್ಕೆ ಒಪ್ಪಿಸಕೂಡದೆಂದು ಹೇಗಿನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ಭಾರತದ ಮೇಲೆ ದಾವೆ ಹಾಕಿತು. ನಮ್ಮ ಒಪ್ಪಿಗೆಯಿಲ್ಲದೆ ನಿಮಗೆ ಅಧಿಕಾರವಿಲ್ಲವೆಂದು ಭಾರತ ಉತ್ತರಿಸಿತು. ಅಷ್ಟರಲ್ಲಿ ದೆಹಲಿಯಲ್ಲಿ ರಾಜಿಯಾಯಿತು. ಡಿಸೆಂಬರಿನಲ್ಲಿ ದಾವೆಯನ್ನು ಪಟ್ಟಿಯಿಂದ ತೆಗೆದುಹಾಕಲಾಯಿತು. ೧೯೭೪ರ ಏಪ್ರಿಲಿನ ಒಪ್ಪಂದದಂತೆ ೧೯೫ ಜನರೂ ವಿಚಾರಣೆಯಿಲ್ಲದೆ ತಮ್ಮ ದೇಶಕ್ಕೆ ಹಿಂದಿರುಗಿದರು. ಶಾಂತಿಯ ದೃಷ್ಟಿಯಿಂದ ರಾಜಕಾರಣಿಗಳು ಮಾಡಿದುದು ಸರಿಯಿರಬಹುದು. ಆದರೆ ಖಡ್ಗವು ತನ್ನ ಕೆಲಸವನ್ನು ಮಾಡಿದ ಮೇಲೆ ನ್ಯಾಯಪೀಠವು ಇಲ್ಲಿಯೂ ಬರಲಿಲ್ಲ.

ನಮ್ಮ ಅಭಿಪ್ರಾಯ

ನ್ಯಾಯಾಲಯಗಳು ಈಗ ಇಲ್ಲವೆಂದಲ್ಲ. ನ್ಯೂರೆಂಬರ್ಗ್, ಟೋಕಿಯೋಗಳ ಯುದ್ಧಾಪರಾಧ ವಿಚಾರಣೆಗಳಾದವು. ಟೋಕಿಯೋದಲ್ಲಿ ಕುಳಿತಿದ್ದ ನಮ್ಮ ರಾಧಾಬಿನೋದ ಪಾಲರು, ಗೆದ್ದವರು ಮಾತ್ರ ಸೋತವರನ್ನು ವಿಚಾರಿಸುವುದು ನ್ಯಾಯವಲ್ಲವೆಂದು ಭಿನ್ನಮತ ಬರೆದರು. ಹೇಗಿನ ನ್ಯಾಯಾಲಯದಲ್ಲಿ ೧೯೫೨ರಿಂದ ತಾವು ತೀರಿಕೊಂಡ ೧೯೫೩ರವರೆಗೆ ನ್ಯಾಯಾಧೀಶರಾಗಿದ್ದ ಸರ್ ಬೆನಗಲ್ ನರಸಿಂಗರಾಯರು ಮಂಗಳೂರಿನಲ್ಲಿ ಹುಟ್ಟಿದವರು. ೧೯೯೮ರ ರೋಮ್ ಕರಾರಿನಿಂದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಹುಟ್ಟಿ ೨೦೦೨ರಲ್ಲಿ ಜಾರಿಗೆ ಬಂದಿತು. ಭಾರತ ಅದಕ್ಕೆ ಸಹಿ ಹಾಕಿಲ್ಲ. ಮೊಕದ್ದಮೆಗಳನ್ನು ಕಳುಹಿಸುವ, ತಡೆಯುವ ಅಧಿಕಾರವನ್ನು ಭದ್ರತಾ ಮಂಡಳಿಯ ಬಲಿಷ್ಠರ ಕೈಗೆ ಕೊಟ್ಟಿದ್ದಾರೆಂಬ ನಮ್ಮ ದೇಶದ ಆಕ್ಷೇಪ ತೂಕವುಳ್ಳದ್ದೇ. ಮೈಸೂರು, ಕೊಡಗು, ವರ್ಹಾಡಗಳ ಅನುಭವವುಳ್ಳವರು ಬಲಿಷ್ಠರ ದಯೆಯನ್ನು ಸಂದೇಹಿಸಿದರೆ ಆಶ್ಚರ್ಯವೇನು? ಆದರೆ ನಮ್ಮ ಪ್ರಜೆ ಕುಲಭೂಷಣ ಜಾಧವರಿಗೆ ಪಾಕಿಸ್ತಾನದಲ್ಲಿ ಮರಣದಂಡನೆ ವಿಧಿಸಿದಾಗ ನಾವೇ ೨೦೧೭ರಲ್ಲಿ ಹೇಗಿಗೆ ಹೋಗಿ, ೨೦೧೯ರ ಜುಲೈ ತಿಂಗಳಲ್ಲಿ ಬಹುಮಟ್ಟಿಗೆ ಅನುಕೂಲವಾದ ತೀರ್ಪನ್ನು ಪಡೆದೆವು. ಆಪತ್ತಿನಲ್ಲಿ ಯಾವ ಬಾಗಿಲನ್ನು ತಟ್ಟುವೆವೋ ಆ ಬಾಗಿಲಿಗೆ ಸುಖಕಾಲದಲ್ಲಿಯೂ ಗೌರವ ಸಲ್ಲಬೇಕು.

ವಿದೇಶದ ನ್ಯಾಯಾಧೀಶರೇ ಬಂದು ನಮ್ಮ ಲೆಕ್ಕ ನೋಡಬೇಕೆಂದು ನಾವು ಹೇಳುವುದಿಲ್ಲ. ಪ್ರಜೆಗಳಿಗಾಗಿ ಖಡ್ಗ ಹಿಡಿದೆನೆಂದು ಹೇಳುವವನು, ಕೆಲಸ ಮುಗಿದ ಬಳಿಕ, ಅದೇ ಪ್ರಜೆಗಳ ಮುಂದೆ ಲೆಕ್ಕ ಒಪ್ಪಿಸಬೇಕು ಎಂಬಷ್ಟೇ ನಮ್ಮ ವಾದ. ಹಾಗೆ ಒಪ್ಪಿಸದಿದ್ದರೆ ನ್ಯಾಯವಾದ ಯುದ್ಧಕ್ಕೂ ರೆಡಿಂಗ್ ಸಾಹೇಬನ ಪತ್ರಕ್ಕೂ ಇರುವ ಭೇದವನ್ನು ಮುಂದಿನವರಿಗೆ ತೋರಿಸುವುದು ಕಷ್ಟವಾಗುತ್ತದೆ.

ಪ್ರತಿ ವರ್ಷ ಸೆಪ್ಟೆಂಬರ್ ೧೭ರಂದು ಕಲ್ಯಾಣ ಕರ್ನಾಟಕದ ಕಚೇರಿಗಳ ಮೇಲೆ ಧ್ವಜವೇರುತ್ತದೆ. ಏರಲಿ, ಅದು ನಮ್ಮ ಹಕ್ಕಿನ ಹಬ್ಬ. ಅಂದು ಗೋರಟಾದ ಹೆಸರಿನೊಡನೆ ಸುಂದರಲಾಲರ ವರದಿಯ ಹೆಸರನ್ನೂ ಹೇಳುವ ಧೈರ್ಯ ನಮಗೆ ಬರಬೇಕು. ಆ ವರದಿಯು ಕನ್ನಡದಲ್ಲಿ ಅಚ್ಚಾಗಬೇಕು. ತಾಲೂಕು ಕಚೇರಿಗಳಲ್ಲಿ ಉಳಿದಿರುವ ೧೯೪೭-೪೮ರ ಕಡತಗಳು ಗೆದ್ದಲಿಗೆ ಆಹಾರವಾಗುವ ಮುನ್ನ ಪತ್ರಾಗಾರಕ್ಕೆ ಸೇರಬೇಕು. ರಜಾಕಾರರಿಂದ ಮನೆ ಕಳೆದುಕೊಂಡವರ ಮಾತನ್ನೂ, ಅನಂತರದ ಸೇಡಿನಲ್ಲಿ ತಂದೆಯನ್ನು ಕಳೆದುಕೊಂಡವರ ಮಾತನ್ನೂ, ಬದುಕಿರುವ ಕೆಲವೇ ಮುದುಕರಿಂದ ಒಂದೇ ಪುಸ್ತಕದಲ್ಲಿ ಬರೆದಿಡಬೇಕು. ಇದಕ್ಕೆ ಹೇಗಿನ ಅಪ್ಪಣೆ ಬೇಕಿಲ್ಲ, ಭದ್ರತಾ ಮಂಡಳಿಯ ಮತವೂ ಬೇಕಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಶಾಲಾ ಶಿಕ್ಷಕರೂ ವಕೀಲರೂ ಅಧಿಕಾರಿಗಳೂ ಮನಸ್ಸು ಮಾಡಿದರೆ ಸಾಕು.

ಕಳಿಂಗದಲ್ಲಿ ಸತ್ತವರ ಲೆಕ್ಕವನ್ನು ಗೆದ್ದ ಅರಸನೇ ಕಲ್ಲಿನಲ್ಲಿ ಬರೆಯಿಸಿದನು. ಕಳಿಂಗದವರ ಕಣ್ಣಿಗೆ ಬೀಳುವಂತೆ ಮಾತ್ರ ಬರೆಯಿಸಲಿಲ್ಲ. ಆ ಕೊರತೆಯನ್ನು ಇಪ್ಪತ್ತಮೂರು ಶತಮಾನಗಳ ಮೇಲೆ ನಾವಾದರೂ ನಮ್ಮ ಊರಿನಲ್ಲಿ ತುಂಬಿಕೊಳ್ಳುವೆವೋ ಇಲ್ಲವೋ ಎಂಬುದನ್ನು ವಾಚಕರೇ ಯೋಚಿಸಲಿ.